ತಾಯಿಯ ಗರ್ಭಕೋಶದಲ್ಲಿ ಮಗಳ ಮಗು

ಪುಣೆಯ ಗ್ಯಾಲಕ್ಸಿ ಕೇರ್ ಆಸ್ಪತ್ರೆಯಲ್ಲಿ 2018ರ ಅಕ್ಟೋಬರ್ 18ರಂದು ಜನಿಸಿದ ಹೆಣ್ಣುಶಿಶುವು, ತನ್ನ ತಾಯಿಯು ಯಾವ ಗರ್ಭಕೋಶದಲ್ಲಿ ಬೆಳೆದು ಲೋಕವನ್ನು ಕಂಡಿದ್ದಳೋ ಅದರಲ್ಲಿಯೇ ತಾನೂ ಬೆಳೆದು ಬಂದಿತೆಂಬುದು ಭಾರತದ ವೈದ್ಯಚರಿತ್ರೆಯಲ್ಲಿ ಅಪೂರ್ವವಾದ ಸಂಗತಿ. ಹಿಂದೆ ಗರ್ಭನಷ್ಟದ ದುಃಖವನ್ನುಂಡು, ಗರ್ಭಕೋಶವೂ ನಿರುಪಯುಕ್ತವಾಗಿದ್ದ ಆ ತರುಣಿಗೆ, ಹೆತ್ತವಳೇ ದಾನವಿತ್ತ ಅಂಗವನ್ನು 2017ರ ಮೇ ತಿಂಗಳಿನಲ್ಲಿ ಡಾಕ್ಟರ್ ಶೈಲೇಶ ಪುಣತಾಂಬೇಕರ್ ಮತ್ತು ಅವರ ಸಂಗಡಿಗರು ಕಸಿಮಾಡಿದರು. ಜಗತ್ತಿನಲ್ಲಿ ಕಸಿಮಾಡಿದ ಗರ್ಭಕೋಶದಿಂದ ಮೊದಲ ಶಿಶು ಸ್ವೀಡನ್ನಿನಲ್ಲಿ ಜನಿಸಿದ್ದು 2014ರಲ್ಲಿ.

ಶಸ್ತ್ರಕ್ರಿಯೆಗಿಂತಲೂ ಕಠಿನವಾದುದು ಅನಂತರದ ಪಾಲನೆಯೆಂದೇ ನನ್ನ ಭಾವನೆ. ಅನ್ಯದೇಹದ ಅಂಗವನ್ನು ಶರೀರವು ತಿರಸ್ಕರಿಸದಂತೆ ರೋಗನಿರೋಧಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ನಿತ್ಯವೂ ಸೇವಿಸುತ್ತ, ಅವುಗಳ ದೆಸೆಯಿಂದಲೇ ಸೋಂಕಿಗೂ ರಕ್ತದೊತ್ತಡಕ್ಕೂ ಸುಲಭವಾಗಿ ಈಡಾಗಬಹುದಾದ ಗರ್ಭಿಣಿಯನ್ನು, ಆಕೆಯ ಭಯವನ್ನೂ ಅರಿತು, ಆಸ್ಪತ್ರೆಯಲ್ಲಿಯೇ ಇರಿಸಿಕೊಂಡು ತಿಂಗಳುಗಟ್ಟಲೆ ಕಾಪಾಡುವುದು ಅಲ್ಪಕಾರ್ಯವಲ್ಲ. ಕಸಿಯಾದ ಗರ್ಭಕೋಶಕ್ಕೆ ನರಗಳ ಸಂಬಂಧವಿರದ ಕಾರಣ ಬೇನೆಯ ಸೂಚನೆಯೂ ಆಕೆಗೆ ತಿಳಿಯದು. ವೈದ್ಯರ ಮತ್ತು ದಾದಿಯರ ಕಣ್ಣೇ ಆಕೆಗೆ ಎಚ್ಚರ. ದಿನ ತುಂಬುವುದಕ್ಕೆ ಎಷ್ಟೋ ವಾರ ಮುಂಚೆಯೇ ಸಿಸೇರಿಯನ್ ಮೂಲಕ ಹೊರತೆಗೆದ ಪುಣೆಯ ಆ ಶಿಶುವಿನ ತೂಕ ಸುಮಾರು 1.45 ಕಿಲೋಗ್ರಾಂ. ಇಂತಹ ಗರ್ಭಕೋಶವನ್ನು ಒಂದೆರಡು ಹೆರಿಗೆಗಳಾದ ಮೇಲೆ ಸಾಮಾನ್ಯವಾಗಿ ತೆಗೆದುಬಿಡುವರು. ತೀಕ್ಷ್ಣವಾದ ಆ ಔಷಧಗಳಿಂದ ತಾಯಿಗೆ ಬಿಡುಗಡೆ ದೊರೆಯುವುದು ಆಗಲೇ.