ಬೀಡು, ಗರಡಿ, ಬಂಗ್ಲೆಗುಡ್ಡೆ: ಸವಣೂರಿನ ಸುತ್ತ ಎರಡು ದಿನ

ಪುತ್ತೂರಿನಿಂದ ಕಾಣಿಯೂರಿಗೆ ಹೋಗುವ ದಾರಿಯ ಸವಣೂರಿನಲ್ಲಿ ಇಳಿದು, ಇಲ್ಲಿ ಹಳೆಯದು ನೋಡುವಂಥದ್ದು ಏನಿದೆ ಎಂದು ಕೇಳಿ ನೋಡಿ. ಅಂಗಡಿಯವರು ಒಂದು ಗಳಿಗೆ ಯೋಚಿಸಿ ಸುಬ್ರಹ್ಮಣ್ಯದ ಬಸ್ಸು ತೋರಿಸುತ್ತಾರೆ. ಅವರನ್ನು ದೂರುವಂತಿಲ್ಲ. ಹಂಪಿಯ ರಥ, ಕಾರ್ಕಳದ ಗೊಮ್ಮಟ ಎನ್ನುವಂತೆ ಬೆರಳು ಮಾಡಿ ತೋರಿಸಬಹುದಾದದ್ದು ಈ ಸೀಮೆಯಲ್ಲಿ ಒಂದೂ ಇಲ್ಲ. ಇರುವುದೆಲ್ಲ ಅಡಿಕೆ ತೋಟದ ಅಂಚಿನಲ್ಲಿ, ಬೀಡಿನ ಅಂಗಳದಲ್ಲಿ, ಗರಡಿಯ ಜಗಲಿಯಲ್ಲಿ, ತುಳುವಿನ ಹಾಡುಗಥೆಯಾದ ಪಾಡ್ದನ ಹೇಳುವ ಹೆಂಗಸರ ಬಾಯಲ್ಲಿ ಹರಡಿಕೊಂಡಿದೆ. ಒಬ್ಬರೇ ಹೋದರೆ ಅರ್ಧವೂ ಕಣ್ಣಿಗೆ ಬೀಳದು. ವಾರಾಂತ್ಯದ ತಂಡ ಪ್ರವಾಸ ಇಲ್ಲಿ ಅರ್ಥ ಪಡೆಯುವುದು ಅದಕ್ಕೇ.

ಈ ಭಾಗ ಇತಿಹಾಸದ ಪುಸ್ತಕಗಳಿಂದ ನುಣುಚಿಕೊಂಡದ್ದಕ್ಕೂ ಕಾರಣವಿದೆ. ಬಿ.ಎಲ್. ರೈಸ್ ಮೈಸೂರು ಸೀಮೆಯ ಊರೂರು ಸುತ್ತಿ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿಗೆ ಸೇರಿಸಿದ. ಅದರ ಮೊದಲ ಸಂಪುಟವೇ 1886ರಲ್ಲಿ ಬಂದ ಕೊಡಗಿನ ಶಾಸನಗಳದ್ದು. ಆದರೆ ಘಟ್ಟದ ಕೆಳಗಿನ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿತ್ತು. ರೈಸ್‌ನ ಬಂಡಿ ಇತ್ತ ಇಳಿಯಲಿಲ್ಲ. ಬೆಳ್ಳಾರೆ, ಪಂಜದ ಕಡೆಯೋ, 1834ರವರೆಗೆ ಕೊಡಗಿನ ಅರಸರ ಆಳ್ವಿಕೆಯಲ್ಲಿದ್ದ ನೆಲ. ಕಂಪನಿ ಕೊಡಗನ್ನು ನುಂಗಿದ ಮೇಲೆ ಅದನ್ನು ಕತ್ತರಿಸಿ ಕೆನರಾಕ್ಕೆ ಅಂಟಿಸಿತು. ಕೊಡಗಿನ ಸಂಪುಟ ಬರುವ ಹೊತ್ತಿಗೆ ಇದು ಕೊಡಗಾಗಿ ಉಳಿದಿರಲಿಲ್ಲ. ತಾಲೂಕಿನ ಹೆಸರೂ ನೆಟ್ಟಗೆ ನಿಲ್ಲಲಿಲ್ಲ. ಒಂದು ಕಾಲಕ್ಕೆ ಉಪ್ಪಿನಂಗಡಿ ತಾಲೂಕು, ಬಳಿಕ ಪುತ್ತೂರು, 2018ರಿಂದ ಸವಣೂರಿನವರಿಗೆ ಕಡಬ. ದಾಖಲೆ ಹುಡುಕುವವನು ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು ಎಂಬುದೇ ಒಂದು ಸಂಶೋಧನೆ.

ತುಳುನಾಡಿನ ಗುಡಿ, ಬಸದಿ, ಬೀಡುಗಳನ್ನು ಒಂದೊಂದಾಗಿ ನೋಡಿ ಪಟ್ಟಿ ಮಾಡಿದವರು ಪಾದೂರು ಗುರುರಾಜ ಭಟ್ಟರು. 1975ರಲ್ಲಿ ಬಂದ ಅವರ ‘ಸ್ಟಡೀಸ್ ಇನ್ ತುಳುವ ಹಿಸ್ಟರಿ ಆ್ಯಂಡ್ ಕಲ್ಚರ್’ ಇಂದಿಗೂ ಈ ಕೆಲಸಕ್ಕೆ ಇಳಿಯುವವರ ಮೊದಲ ಪುಸ್ತಕ. ಅದರಲ್ಲಿರುವ ಎಷ್ಟೋ ವಿಗ್ರಹಗಳ ಫೋಟೊಗಳೇ ಈಗ ಉಳಿದಿರುವ ಸಾಕ್ಷಿ. ಯಾಕೆ ಎಂಬುದಕ್ಕೆ ಮುಂದೆ ಬರುತ್ತೇನೆ.

ಶನಿವಾರ ಬೆಳಗ್ಗೆ ಸವಣೂರಿನ ಪುದುಬೆಟ್ಟಿನ ಜಿನಮಂದಿರದಿಂದ ಹೊರಡುವುದು ಸರಿ. ತುಳುನಾಡಿನ ಜೈನ ಚರಿತ್ರೆ ಎಂದರೆ ಮೂಡುಬಿದಿರೆ, ಕಾರ್ಕಳ, ವೇಣೂರು ಎಂದು ನಿಲ್ಲಿಸಿಬಿಡುವ ಅಭ್ಯಾಸ ನಮಗಿದೆ. ನೇತ್ರಾವತಿಯ ತೆಂಕಣ ಕಾಡಿನಲ್ಲೂ ಬಸದಿಗಳಿದ್ದವು, ಬೀಡುಗಳಿದ್ದವು, ಅಲ್ಲಿಂದ ಆಳುವ ಬಲ್ಲಾಳರಿದ್ದರು ಎಂದು ನೆನಪಿಸಲು ಇಂಥ ಒಂದು ಬಸದಿ ಸಾಕು. ಅಲ್ಲಿಂದ ಮುಂದೆ ಕಾಣಿಯೂರು. ಉಡುಪಿಯ ಅಷ್ಟಮಠಗಳಲ್ಲಿ ಒಂದಕ್ಕೆ ಹೆಸರು ಕೊಟ್ಟ ಊರು ಇದು. ರಥಬೀದಿಯಲ್ಲಿ ಕಾಣಿಯೂರು ಮಠದ ಮುಂದೆ ಓಡಾಡುವ ಎಷ್ಟೋ ಮಂದಿಗೆ ಮೂಲ ಊರು ಕಡಬದ ಈ ಮೂಲೆಯಲ್ಲಿದೆ ಎಂಬುದು ಗೊತ್ತಿಲ್ಲ. ಇಲ್ಲಿ ಅರ್ಧ ತಾಸು ಸಾಕು.

ಹೊತ್ತು ಕೊಡಬೇಕಾದದ್ದು ಬೆಳ್ಳಾರೆಗೆ. ಪೇಟೆಯ ಬಂಗ್ಲೆಗುಡ್ಡೆ ಕಂಪನಿಯ ಖಜಾನೆಯಿದ್ದ ಜಾಗ. ಕೊಡಗಿನ ಅರಸರ ಕಾಲದಲ್ಲಿ ರೈತರು ತೆರಿಗೆಯನ್ನು ಬೆಳೆಯ ರೂಪದಲ್ಲೇ ಒಪ್ಪಿಸುತ್ತಿದ್ದರು. ಕಂಪನಿ ಬಂದದ್ದೇ ನಗದು ಕೇಳಿತು. ಭತ್ತ ಬೆಳೆಯುವವನ ಕೈಗೆ ನಾಣ್ಯ ಬರಬೇಕಾದರೆ ಮೊದಲು ಅವನು ವರ್ತಕನ ಮುಂದೆ ನಿಲ್ಲಬೇಕು. ಕಟ್ಟುವ ಗಡುವಿಗೆ ಎಲ್ಲರೂ ಒಟ್ಟಿಗೆ ಮಾರಲು ಹೊರಟರೆ ಬೆಲೆ ಹೇಳುವವನು ವರ್ತಕನೇ. ಉಪ್ಪು, ಹೊಗೆಸೊಪ್ಪಿನ ಮೇಲೂ ಸರಕಾರದ ಹಿಡಿತ. ಅಸಮಾಧಾನ ಮೂರೇ ವರ್ಷದಲ್ಲಿ ಹೊತ್ತಿಕೊಂಡಿತು. 1837ರ ಮಾರ್ಚ್ 30ರಂದು ಸುಳ್ಯದ ಪೂಮಲೆಯಲ್ಲಿ ಸೇರಿದ ರೈತರ ದಂಡು ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ ಹೊರಟು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡಿತು. ಕೊಡಗಿನ ರಾಜವಂಶದ ಕಲ್ಯಾಣಸ್ವಾಮಿ ಎಂದು ಪುಟ್ಟಬಸಪ್ಪನನ್ನು ಮುಂದಿಟ್ಟುಕೊಂಡಿದ್ದರು. ಪುತ್ತೂರಿಗೆ ಬಂದಿದ್ದ ಕಲೆಕ್ಟರ್ ಲೆವಿನ್ ಮಂಗಳೂರಿಗೆ ಹಿಂದೆ ಸರಿದ. ಪಾಣೆಮಂಗಳೂರು, ಬಂಟ್ವಾಳ ದಾಟಿ ಏಪ್ರಿಲ್ 5ಕ್ಕೆ ದಂಡು ಮಂಗಳೂರು ಸೇರಿ ಬಾವುಟಗುಡ್ಡೆಯಲ್ಲಿ ತನ್ನ ಬಾವುಟ ಏರಿಸಿತು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತಿರುವ ಲೆಕ್ಕ.

ಆಮೇಲಿನದು ಕಂಪನಿಯ ರೂಢಿಯ ಕಥೆ: ಸಮುದ್ರದ ದಾರಿಯಲ್ಲಿ ಸೈನ್ಯ, ವಿಚಾರಣೆ, ನೇಣು. ಪುಟ್ಟಬಸಪ್ಪನನ್ನೂ ನಂದಾವರದ ಲಕ್ಷ್ಮಪ್ಪ ಬಂಗರಸನನ್ನೂ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ದಂಡಿನ ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರಿಗೆ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ನೇಣಾಯಿತು. ಬಂಗ ಅರಸರ ಜೈನ, ಸುಳ್ಯದ ಗೌಡ, ಘಟ್ಟದ ಮೇಲಿನ ಲಿಂಗಾಯತ ಒಂದೇ ದಂಡಿನಲ್ಲಿದ್ದರು ಎಂಬುದನ್ನು ಬಂಗ್ಲೆಗುಡ್ಡೆಯ ಮೇಲೆ ನಿಂತು ಯಾರಾದರೂ ತಂಡಕ್ಕೆ ಹೇಳಲೇಬೇಕು.

ಈ ಘಟನೆಯನ್ನು ಊರಿನವರು ಬಹುಕಾಲ ಕರೆದದ್ದು ಕಲ್ಯಾಣಪ್ಪನ ಕಾಟಕಾಯಿ ಎಂದು. ಈಗ ಭಾಷಣಗಳಲ್ಲಿ ಅಮರ ಸುಳ್ಯ ಸ್ವಾತಂತ್ರ್ಯ ಸಂಗ್ರಾಮ. ಬಾಸೆಲ್ ಮಿಶನ್ನಿನ ಮೋಗ್ಲಿಂಗ್ 1855ರ ತನ್ನ ‘ಕೂರ್ಗ್ ಮೆಮಾಯರ್ಸ್’ನಲ್ಲಿ ಇದನ್ನು ದಂಗೆಯಾಗಿ ಕಂಡ. ಸುಬ್ರಹ್ಮಣ್ಯದ ಪಕ್ಕದ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು ‘ಕಲ್ಯಾಣಸ್ವಾಮಿ’ ಕಾದಂಬರಿಯಲ್ಲಿ ಬಂಡಾಯವಾಗಿ ಕಂಡರು. 2022ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಎದ್ದಿತು. ಒಳ್ಳೆಯದೇ. ಆದರೆ ದಂಡು ನಡೆದ ಪೂಮಲೆ–ಬೆಳ್ಳಾರೆ–ಪುತ್ತೂರು–ಪಾಣೆಮಂಗಳೂರು ದಾರಿಯುದ್ದಕ್ಕೂ ನಾಲ್ಕು ಸಾಲಿನ ಫಲಕಗಳನ್ನು ನೆಟ್ಟು, ಮಕ್ಕಳನ್ನು ಆ ದಾರಿಯಲ್ಲಿ ಕರೆದೊಯ್ಯುವುದು ಪ್ರತಿಮೆಗಿಂತ ಹೆಚ್ಚು ಕೆಲಸಕ್ಕೆ ಬಂದೀತು ಎನ್ನುವುದು ನನ್ನ ಅಭಿಪ್ರಾಯ.

ಭಾನುವಾರದ ದಿನವನ್ನು ಪೂರ್ತಿ ಕೋಟಿ ಚೆನ್ನಯರಿಗೆ ಬಿಟ್ಟುಕೊಡಬೇಕು. ಹೋಗುವುದಾದರೆ ಪಾಡ್ದನ ಹೋಗುವ ಕ್ರಮದಲ್ಲೇ ಹೋಗಬೇಕು: ಮೊದಲು ಪುತ್ತೂರು ತಾಲೂಕಿನ ಪಡುಮಲೆ, ಆಮೇಲೆ ಪಂಜ, ಕೊನೆಗೆ ಎಣ್ಮೂರು. ಕಾಲಿಗೆ ಮುಳ್ಳು ಹೊಕ್ಕು ನರಳಿದ ಪಡುಮಲೆಯ ಪೆರುಮಾಳ ಬಲ್ಲಾಳ, ತುಂಬುಬಸುರಿಯಾಗಿದ್ದೂ ಮದ್ದು ಕೊಟ್ಟ ದೇಯಿ ಬೈದೆತಿ, ಗದ್ದೆ ನೀರಿನ ಜಗಳ, ಬಲ್ಲಾಳನ ಜತೆ ಮನಸ್ತಾಪ, ಊರು ಬಿಟ್ಟ ದೇಯಿಯ ಅವಳಿ ಮಕ್ಕಳು ಕೋಟಿ ಚೆನ್ನಯರು, ಪಂಜದ ಕೇಮರ ಬಲ್ಲಾಳನ ಬಂಧನ, ಎಣ್ಮೂರಿನ ದೇವ ಬಲ್ಲಾಳನ ಆಶ್ರಯ. ಕಥೆ ತುಳುವರಿಗೆಲ್ಲ ಬಾಯಿಪಾಠ. ಆದರೆ ವ್ಯಾನಿನಲ್ಲಿ ಕೂತು ಆ ಗುಡ್ಡ, ಬೈಲುಗಳನ್ನು ದಾಟುವಾಗ ಗೊತ್ತಾಗುತ್ತದೆ, ಈ ಮೂರು ಬೀಡುಗಳ ನಡುವಿನ ಅಂತರ ಎಷ್ಟು ಕಡಿಮೆ ಎಂದು. ಒಬ್ಬ ಬಲ್ಲಾಳನ ಮೇಲೆ ಮುನಿದವನು ಮರುದಿನ ಇನ್ನೊಬ್ಬನ ಅಂಗಳದಲ್ಲಿರಬಹುದಿತ್ತು. ಹತ್ತಾರು ಹಳ್ಳಿಯ ಒಡೆತನ, ನಾಲ್ಕು ಬೈಲು, ಒಂದು ಕಾಡು: ಬಲ್ಲಾಳರ ರಾಜ್ಯ ಎಂದರೆ ಇಷ್ಟೇ ಗಾತ್ರ. ಗಡಿಯ ಕಾಡಿನಲ್ಲಿ ಹೊಡೆದ ಹಂದಿ ಯಾರದು ಎಂಬ ಪ್ರಶ್ನೆಗೆ ಪಂಜಕ್ಕೂ ಎಣ್ಮೂರಿಗೂ ಯುದ್ಧ ಹತ್ತಿದ್ದು ಆಗ ತಮಾಷೆಯಾಗಿ ಕಾಣುವುದಿಲ್ಲ.

ಪಾಡ್ದನದ ಕೆಲವು ಪಾಠಗಳಲ್ಲಿ ಈ ಜಗಳದೊಳಗೆ ಒಂದು ಗಡಿಕಲ್ಲಿನ ಪ್ರಸಂಗವೂ ಇದೆ. ಜಾಗ ತಪ್ಪಿಸಿ ನೆಟ್ಟಿದ್ದ ಎಲ್ಲೆಯ ಕಲ್ಲನ್ನು ಸೋದರರು ಸರಿಯಾದ ಕಡೆಗೆ ಊರುತ್ತಾರೆ. ಶಾಸನ ಓದುವವರಿಗೂ ಪಾಡ್ದನ ಕೇಳುವವರಿಗೂ ಕೈಕುಲುಕಿಸುವ ಜಾಗ ಇದು. ವಿಶ್ವವಿದ್ಯಾಲಯದಲ್ಲಿ ಕಲಿತವರು ಪಾಡ್ದನ ಬರೀ ಕಥೆ ಎನ್ನುತ್ತಾರೆ, ಭಕ್ತರು ಅದರ ಪ್ರತಿ ಸಾಲೂ ನಡೆದದ್ದೇ ಎನ್ನುತ್ತಾರೆ. ಎರಡೂ ಸೋಮಾರಿ ಮಾತುಗಳು. ಕೋಟಿ ಚೆನ್ನಯರ ಕಾಲವನ್ನು ಸಾಮಾನ್ಯವಾಗಿ 16ನೇ ಶತಮಾನ ಎಂದು ಅಂದಾಜಿಸುತ್ತಾರೆ. ಆ ಅಂದಾಜನ್ನು ತಾಳೆ ನೋಡಲು ಕಲ್ಲಿನ ಸಾಕ್ಷಿ ಬೇಕು. ಆದರೆ ಮಣ್ಣಿನ ಒಡೆತನ, ನೀರಿನ ಸರದಿ, ಬೇಟೆಯ ಪಾಲು, ಬಿಲ್ಲವರ ಹುಡುಗರಿಗೆ ಬೀಡಿನ ಅಂಗಳದಲ್ಲಿ ಸಿಗುತ್ತಿದ್ದ ಮರ್ಯಾದೆ, ಸಿಗದ ಮರ್ಯಾದೆ: ಇದನ್ನು ಯಾವ ದಾನಶಾಸನವೂ ಹೇಳುವುದಿಲ್ಲ. ಅದು ಪಾಡ್ದನದಲ್ಲೇ ಇದೆ. ಬಾಸೆಲ್ ಮಿಶನ್ನಿನ ಮೆನ್ನರ್ 1886ರಲ್ಲಿ ಮಂಗಳೂರಿನಲ್ಲಿ ‘ಪಾಡ್ದನೊಳು’ ಅಚ್ಚು ಮಾಡಿಸಿದ. ಪಂಜೆ ಮಂಗೇಶರಾಯರು 1924ರಲ್ಲಿ ಈ ಕಥೆಯನ್ನು ಕನ್ನಡದ ಮಕ್ಕಳಿಗೂ ದೊಡ್ಡವರಿಗೂ ತಂದರು. ತಂಡದಲ್ಲಿ ಒಬ್ಬರ ಚೀಲದಲ್ಲಿ ಪಂಜೆಯವರ ಪುಸ್ತಕವಿರಲಿ. ಅದಕ್ಕಿಂತಲೂ ಒಳ್ಳೆಯದು, ನೇಜಿ ನಡುವಾಗ ಹಾಡುತ್ತಿದ್ದ ಅಜ್ಜಿಯೊಬ್ಬರನ್ನು ಒಪ್ಪಿಸಿ ಹತ್ತು ನಿಮಿಷ ಕೇಳುವುದು.

ಎಣ್ಮೂರಿನ ಗರಡಿಗೆ ಆದಿ ಗರಡಿ ಎಂಬ ಮರ್ಯಾದೆ. ಯುದ್ಧದಲ್ಲಿ ಬಾಣ ತಾಗಿ ಕೋಟಿ ಬಿದ್ದದ್ದು, ಅಣ್ಣನಿಲ್ಲದ ಮೇಲೆ ಬದುಕೇಕೆ ಎಂದು ಚೆನ್ನಯ ಕಲ್ಲಿಗೆ ತಲೆ ಅಪ್ಪಳಿಸಿಕೊಂಡದ್ದು ಈ ಊರಿನಲ್ಲಿ. ಇಲ್ಲಿ ಚಪ್ಪಲಿ ಹೊರಗೆ, ಕ್ಯಾಮರಾ ಚೀಲದೊಳಗೆ. ಕೇಳಿಕೊಂಡು ಒಪ್ಪಿದರೆ ಮಾತ್ರ ಫೋಟೊ. ದೈವಸ್ಥಾನವನ್ನು ವಸ್ತುಸಂಗ್ರಹಾಲಯದಂತೆ ನೋಡುವ ತಂಡ ಮರುವರ್ಷ ಬಂದರೆ ಬಾಗಿಲು ತೆರೆಯುವವರಿಲ್ಲ.

ಪ್ರವಾಸಕ್ಕೆ ಕಾಲವನ್ನೂ ನೋಡಿಕೊಳ್ಳಬೇಕು. ಮಳೆಗಾಲ ಮುಗಿದ ಮೇಲೆ ಪದವುಗಳಲ್ಲಿ ಎದೆಯುದ್ದ ಮುಳಿಹುಲ್ಲು. ಬೃಹತ್ ಶಿಲಾಯುಗದ ನೆಲೆಯ ಪಕ್ಕದಲ್ಲೇ ನಡೆದು ಹೋದರೂ ಕಾಣದು. ಹುಲ್ಲು ಕೊಯ್ದ ಜನವರಿ, ಫೆಬ್ರವರಿ ಹೊತ್ತಿಗೆ ಮುರಕಲ್ಲಿನ ಹಾಸು ಬೋಳಾಗಿ ಬಿಸಿಲಿಗೆ ಬೀಳುತ್ತದೆ. ಕಣ್ಣೂರು, ಕಾಸರಗೋಡಿನಿಂದ ದಕ್ಷಿಣ ಕನ್ನಡದವರೆಗೆ ಈ ಮುರಕಲ್ಲಿನಲ್ಲೇ ಕಬ್ಬಿಣ ಯುಗದ ಜನ ಸತ್ತವರಿಗಾಗಿ ದುಂಡನೆಯ ಕೋಣೆ ಕೊರೆದರು. ಊರವರ ಬಾಯಲ್ಲಿ ಅದು ಪಾಂಡವರ ಗುಹೆ. ಮೂಡುಬಿದಿರೆ ಬಳಿಯ ಮೂಡುಕೊಣಾಜೆಯ ಕಲ್ಮನೆಗಳ ನೆಲೆಯಲ್ಲಿ ಪ್ರೊ. ಟಿ. ಮುರುಗೇಶಿ ಅವರಿಗೆ 2023ರಲ್ಲಿ ಸುಟ್ಟ ಮಣ್ಣಿನ ಗೊಂಬೆಗಳು ಸಿಕ್ಕಿದ ಸುದ್ದಿ ಓದಿದವರು ತಮ್ಮ ಗುಡ್ಡೆಯನ್ನೂ ಒಮ್ಮೆ ತಿರುಗಿ ನೋಡಿದ್ದರೆ ಆಶ್ಚರ್ಯವಿಲ್ಲ.

ಅಕ್ಷರವಿರುವ ಕಲ್ಲು ಸಿಕ್ಕಿತೆನ್ನಿ. ನೆತ್ತಿಯ ಬಿಸಿಲಿನಲ್ಲಿ ಅದು ಬರೀ ಕಲ್ಲು. ಬೆಳಗಿನ ಓರೆ ಬಿಸಿಲಿಗೆ, ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ತಾಗಿದಂತೆ ಅಡ್ಡ ಹಿಡಿದರೆ ಅಕ್ಷರದ ತಗ್ಗಿನಲ್ಲಿ ನೆರಳು ಕೂತು ಸಾಲುಗಳು ಎದ್ದು ಬರುತ್ತವೆ. ಮೇಲ್ಗಡೆ ಸೂರ್ಯ, ಚಂದ್ರ, ನಡುವೆ ಲಿಂಗವೋ ಹಸು ಕರುವೋ ಇದ್ದರೆ ದಾನದ ಕಲ್ಲು. ಪಡಿಯಚ್ಚು ತೆಗೆಯಬಲ್ಲವರು ಜತೆಗಿದ್ದರೆ ತಂಡಕ್ಕೆ ಅದೇ ಹಬ್ಬ. ಮೊದಲು ಕಲ್ಲನ್ನು ನೀರಿನಿಂದ ಮೆತ್ತಗೆ ತೊಳೆದು ಒದ್ದೆ ಮ್ಯಾಪ್‌ಲಿಥೋ ಕಾಗದ ಹೊದಿಸುತ್ತಾರೆ. ಕುಂಚದಿಂದ ತಟ್ಟಿ ತಟ್ಟಿ ಅದನ್ನು ಅಕ್ಷರದ ಕುಳಿಗೆ ಇಳಿಸುತ್ತಾರೆ. ನೀರು ಆರಿದ ಹದ ನೋಡಿ ಮೇಲೆ ಶಾಯಿಯ ಉಂಡೆ ಒತ್ತುತ್ತಾರೆ. ಕಾಗದದ ಮೈ ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಕುಂಕುಮ, ಸುಣ್ಣ, ಚಾಕ್‌ಪೀಸು ತುಂಬಿ ಓದುವ ಹಳೆಯ ಚಾಳಿ ಬಿಡಬೇಕು. ಎಣ್ಣೆಬಣ್ಣ ಬಳಿಯುವುದಂತೂ ಅಪರಾಧಕ್ಕೆ ಸಮ.

ಮೇಲೆ ಗುರುರಾಜ ಭಟ್ಟರ ಫೋಟೊಗಳ ಮಾತು ಬಂತಲ್ಲ. ಈ ಸೀಮೆಯ ಹಳೆಯ ವಸ್ತುಗಳಿಗೆ ಎರಡು ಕಂಟಕ. ಒಂದು, ಮುರಕಲ್ಲಿನ ಕೋರೆ. ಯಂತ್ರದ ಗರಗಸಕ್ಕೆ ಗುಹೆಯೂ ಒಂದೇ ಗುಡ್ಡೆಯೂ ಒಂದೇ. ಇನ್ನೊಂದನ್ನು ಹೇಳಿದರೆ ಬೇಸರವಾಗುತ್ತದೆ, ಆದರೂ ಹೇಳಬೇಕು: ಜೀರ್ಣೋದ್ಧಾರ. ಬ್ರಹ್ಮಕಲಶದ ಸಂಭ್ರಮದಲ್ಲಿ ಮುರಕಲ್ಲಿನ ಹಳೆಯ ಗುಡಿ ಹೋಗಿ ಕಪ್ಪುಕಲ್ಲಿನ ಹೊಸ ಗುಡಿ ಬರುತ್ತದೆ. ಭಿನ್ನವಾಯಿತೆಂದು ಹಳೆಯ ವಿಗ್ರಹ ಹೊಳೆ ಸೇರುತ್ತದೆ. ಅಂಗಳಕ್ಕೆ ಇಂಟರ್‌ಲಾಕ್ ಹಾಸುವಾಗ ಶಾಸನ ಅಡಿಗೆ ಬೀಳುತ್ತದೆ. ಭಕ್ತಿಯಲ್ಲಿ ಕೊರತೆಯಿಲ್ಲ, ಖರ್ಚಿನಲ್ಲೂ ಇಲ್ಲ. ಅಷ್ಟು ದುಡ್ಡಿನಲ್ಲಿ ಹಳೆಯ ಕಲ್ಲುಗಳಿಗೆ ಒಂದು ಮಾಡು ಕಟ್ಟಿಸಿ ಇಡೋಣ ಎನ್ನುವವರು ಮಾತ್ರ ಸಮಿತಿಯಲ್ಲಿ ಇರುವುದಿಲ್ಲ. ತೋಟದ ಧಣಿಗೆ ಬೇರೆಯೇ ಹೆದರಿಕೆ. ಸುದ್ದಿ ಹೊರಬಿದ್ದರೆ ಸರಕಾರ ಜಾಗ ಹಿಡಿದೀತು ಎಂದು ಕಲ್ಲಿಗೆ ಮಣ್ಣು ಮುಚ್ಚಿಬಿಡುತ್ತಾರೆ. ತೋಟದಲ್ಲಿ ಒಂದು ಶಾಸನದ ಕಲ್ಲಿದ್ದ ಮಾತ್ರಕ್ಕೆ ತೋಟ ಕೈಬಿಟ್ಟು ಹೋಗುವುದಿಲ್ಲ. ಇದನ್ನು ಮನೆಮನೆಗೆ ಹೇಳಲು ಪ್ರವಾಸದ ತಂಡಕ್ಕಿಂತ ಒಳ್ಳೆಯ ದೂತರಿಲ್ಲ.

ಹೊರಡುವವರಿಗೆ ಒಂದೆರಡು ಮಾತು. ಇಪ್ಪತ್ತು ಜನ ಮೀರಬಾರದು. ತುಳು ಬಲ್ಲವರೊಬ್ಬರು, ಹಳಗನ್ನಡ ಲಿಪಿ ಓದಬಲ್ಲವರೊಬ್ಬರು ಇರಲೇಬೇಕು. ಮಂಗಳೂರಿನಿಂದ ಸುಬ್ರಹ್ಮಣ್ಯ ರೋಡಿಗೆ ಹೋಗುವ ರೈಲು ಕಬಕ ಪುತ್ತೂರು, ಕಾಣಿಯೂರು, ಎಡಮಂಗಲ ಹಾದು ಹೋಗುತ್ತದೆ. ಮುಂದಕ್ಕೆ ಜೀಪೋ ವ್ಯಾನೋ ಮಾಡಿಕೊಳ್ಳಿ. ಹಿಂತಿರುಗುವಾಗ ಹೊತ್ತಿದ್ದರೆ ಪುತ್ತೂರಿನ ಪರ್ಲಡ್ಕದಲ್ಲಿ ಶಿವರಾಮ ಕಾರಂತರ ಬಾಲವನವಿದೆ. ಮತ್ತು ನಿಮ್ಮದೇ ತೋಟದಲ್ಲಿ ಅಕ್ಷರವಿರುವ ಕಲ್ಲು ಕಂಡರೆ ಕದಲಿಸಬೇಡಿ, ಉಜ್ಜಬೇಡಿ. ಜಾಗ, ದಿನಾಂಕ ಬರೆದುಕೊಂಡು ಓರೆ ಬೆಳಕಿನಲ್ಲಿ ನಾಲ್ಕು ಫೋಟೊ ತೆಗೆಯಿರಿ. ಒಂದು ಪ್ರತಿ ಪಂಚಾಯತಿಗೆ ಕೊಡಿ, ಒಂದು ರಾಜ್ಯದ ಪುರಾತತ್ವ ಇಲಾಖೆಗೆ, ಇನ್ನೊಂದು ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೆ. ಮೂವರಲ್ಲಿ ಮೊದಲು ಬರುವವರು ಬಹುಶಃ ಮೇಷ್ಟ್ರು.