ಕಡಲೆಬೀಜ, ಕೊಲೆಸ್ಟರಾಲ್ ಮತ್ತು ಹೃದಯದ ಲೆಕ್ಕ

ಕೋಲಾರ ಜಿಲ್ಲೆಯ ಮಳೆಯಾಶ್ರಿತ ಹೊಲಗಳಲ್ಲಿ ರಾಗಿಯಂತೆಯೇ ಕಡಲೆಕಾಯಿಯೂ ಹಳೆಯ ಬೆಳೆ. ಬಂಗಾರಪೇಟೆ, ಕೆ.ಜಿ.ಎಫ್. ಅಂಗಡಿಗಳಲ್ಲಿ ಕಡಲೆಬೀಜ ನಿತ್ಯದ ಸರಕು. ಆದರೆ ರಕ್ತಪರೀಕ್ಷೆಯಲ್ಲಿ ಕೊಲೆಸ್ಟರಾಲ್ ಅಧಿಕವೆಂದು ಕಂಡೊಡನೆ ನಮ್ಮ ವರ್ತಕರಲ್ಲಿ ಅನೇಕರು ಮೊದಲು ತ್ಯಜಿಸುವುದು ಇದನ್ನೇ. ಸಂಜೆಯ ಬೋಂಡಾ, ಬಜ್ಜಿ ಮಾತ್ರ ಮುಂದುವರಿಯುತ್ತವೆ. ಈ ಕ್ರಮವು ತಲೆಕೆಳಗಾದುದು.

ಕೊಬ್ಬು ಬೇರೆ, ಕೊಲೆಸ್ಟರಾಲ್ ಬೇರೆ

ಕೊಲೆಸ್ಟರಾಲ್ ಅನ್ನು ಮುಖ್ಯವಾಗಿ ನಮ್ಮ ಯಕೃತ್ತೇ ತಯಾರಿಸುತ್ತದೆ. ಸ್ವಲ್ಪ ಭಾಗ ಪ್ರಾಣಿಜನ್ಯ ಆಹಾರದಿಂದ ಬರುತ್ತದೆ. ಸಸ್ಯಜನ್ಯ ಪದಾರ್ಥಗಳಲ್ಲಿ ಅದು ಇಲ್ಲವೆನ್ನುವಷ್ಟು ಅತ್ಯಲ್ಪ. ಆದುದರಿಂದ ಎಣ್ಣೆಯ ಪೊಟ್ಟಣದ ಮೇಲಿನ ‘ಕೊಲೆಸ್ಟರಾಲ್ ರಹಿತ’ ಎಂಬ ಮಾತು ತಾಳೆ ಎಣ್ಣೆಗೂ ಸಲ್ಲುತ್ತದೆ. ನೋಡಬೇಕಾದುದು ಕೊಬ್ಬಿನ ಬಗೆಯನ್ನು. ತುಪ್ಪ, ಬೆಣ್ಣೆ, ತಾಳೆ ಎಣ್ಣೆಗಳಲ್ಲಿ ಹೆಚ್ಚಾಗಿರುವ ಸ್ಯಾಚುರೇಟೆಡ್ ಕೊಬ್ಬು, ರಕ್ತನಾಳಗಳಲ್ಲಿ ಶೇಖರವಾಗುವ ಎಲ್‌ಡಿಎಲ್ ಕೊಲೆಸ್ಟರಾಲ್ ಅನ್ನು ಏರಿಸುತ್ತದೆ. ಕಡಲೆಬೀಜ, ಬಾದಾಮಿ, ಅಕ್ರೋಟುಗಳ ಕೊಬ್ಬಿನಲ್ಲಿ ಬಹುಪಾಲು ಅನ್‌ಸ್ಯಾಚುರೇಟೆಡ್ ಆಗಿದ್ದು, ಮೊದಲಿನದಕ್ಕೆ ಬದಲಾಗಿ ಸೇವಿಸಿದಾಗ ಎಲ್‌ಡಿಎಲ್ ಇಳಿಯುತ್ತದೆ. ಇವುಗಳ ನಾರು ಮತ್ತು ಸಸ್ಯ ಸ್ಟೆರಾಲ್‌ಗಳು ಕರುಳಿನಲ್ಲಿ ಕೊಲೆಸ್ಟರಾಲ್ ಹೀರಿಕೆಯನ್ನೂ ತಗ್ಗಿಸುತ್ತವೆ.

ಅಧ್ಯಯನಗಳ ಸಾಕ್ಷ್ಯ

2010ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು 25 ಪ್ರಯೋಗಗಳ 583 ಜನರ ಅಂಕಿಅಂಶಗಳನ್ನು ಒಟ್ಟುಗೂಡಿಸಿತು. ದಿನಕ್ಕೆ ಸರಾಸರಿ 67 ಗ್ರಾಂ ಬೀಜ ಸೇವಿಸಿದಾಗ ಎಲ್‌ಡಿಎಲ್ ಶೇ. 7.4ರಷ್ಟು ಇಳಿದಿತ್ತು. ಸ್ಪೇನ್ ದೇಶದ ‘ಪ್ರೆಡಿಮೆಡ್’ ಅಧ್ಯಯನವು 2013ರಲ್ಲಿ ಪ್ರಕಟವಾಯಿತು. ಕ್ರಮದಲ್ಲಿ ಲೋಪ ಕಂಡುಬಂದುದರಿಂದ, ಲೆಕ್ಕಪತ್ರ ತಿದ್ದಿ ಮರುಮಂಡಿಸುವಂತೆ, 2018ರಲ್ಲಿ ಪುನಃ ಪ್ರಕಟವಾಯಿತು. ಮೆಡಿಟರೇನಿಯನ್ ಆಹಾರಕ್ರಮದೊಡನೆ ದಿನಕ್ಕೆ 30 ಗ್ರಾಂ ಬಾದಾಮಿ, ಅಕ್ರೋಟು ಮುಂತಾದುವನ್ನು ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವುಗಳು ಒಟ್ಟಾರೆ ಸುಮಾರು ಶೇ. 28ರಷ್ಟು ಕಡಿಮೆಯಿದ್ದವು. ಈ ಫಲ ಬೀಜದ್ದೊಂದೇ ಅಲ್ಲ, ಇಡೀ ಆಹಾರಕ್ರಮದ್ದು ಎಂಬುದನ್ನು ಮರೆಯಬಾರದು.

ದುಬಾರಿ ಬಾದಾಮಿಯೇ ಬೇಕೆಂದಿಲ್ಲ. ಅಮೆರಿಕ ಮತ್ತು ಶಾಂಘೈನ ಎರಡು ಲಕ್ಷಕ್ಕೂ ಮಿಕ್ಕ ಜನರನ್ನು ಕುರಿತ 2015ರ ಅಧ್ಯಯನದಲ್ಲಿ, ಕಡಲೆಬೀಜವನ್ನೇ ಮುಖ್ಯವಾಗಿ ತಿನ್ನುತ್ತಿದ್ದವರಲ್ಲೂ ಹೃದ್ರೋಗದ ಸಾವು ಕಡಿಮೆಯಿತ್ತು. ‘ಬಡವರ ಬಾದಾಮಿ’ ಎಂಬ ಹೆಸರು ಸುಮ್ಮನೆ ಬಂದುದಲ್ಲ.

ಜಮಾ-ಖರ್ಚು

ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ ಕಡಲೆಬೀಜದಲ್ಲಿ 170 ಕ್ಯಾಲರಿ, 7 ಗ್ರಾಂಗೂ ಮಿಕ್ಕ ಪ್ರೋಟೀನ್ ಉಂಟು. ಬೋಂಡಾದ ಮೇಲೆ ಇದನ್ನೂ ಸೇರಿಸಿದರೆ ಖರ್ಚಿಗೆ ಖರ್ಚು ಕೂಡಿ ತೂಕ ಏರೀತು. ಬೋಂಡಾದ ಬಾಬ್ತು ತೆಗೆದು ಆ ಜಾಗದಲ್ಲಿ ಇದನ್ನು ಬರೆದರೆ ಮಾತ್ರ ಲಾಭ. ದಿನವಿಡೀ ಗಲ್ಲಾದ ಮುಂದೆ ಕುಳಿತಿರುವವರಿಗೆ ಈ ನಿಯಮ ಮತ್ತಷ್ಟು ಮುಖ್ಯ.

ಹುರಿದುದಾಗಲಿ ಬೇಯಿಸಿದುದಾಗಲಿ ಒಳ್ಳೆಯದೇ; ಎಣ್ಣೆಯಲ್ಲಿ ಕರಿದ, ಉಪ್ಪು ಬೆರೆಸಿದ ಮಸಾಲೆ ಕಡಲೆ ರಕ್ತದೊತ್ತಡದವರಿಗೆ ಸಲ್ಲದು. ಬೂಷ್ಟು ಹಿಡಿದ ಬೀಜದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರಬಹುದಾದ್ದರಿಂದ ಅದನ್ನು ತಿನ್ನಲೂ ಬಾರದು, ಮಾರಲೂ ಬಾರದು. ಕಡಲೆಯ ಅಲರ್ಜಿ ಇರುವವರು ದೂರವಿರಬೇಕು. ವೈದ್ಯರು ಕೊಟ್ಟಿರುವ ಕೊಲೆಸ್ಟರಾಲ್ ಮಾತ್ರೆಯನ್ನು ಇದರ ಭರವಸೆಯಲ್ಲಿ ನಿಲ್ಲಿಸತಕ್ಕದ್ದಲ್ಲ. ಪ್ರತಿ ವರ್ಷ ಲೆಕ್ಕಪರಿಶೋಧನೆ ಮಾಡಿಸುವ ನಾವು, ಅದೇ ತಿಂಗಳಲ್ಲಿ ರಕ್ತಪರೀಕ್ಷೆಯನ್ನೂ ಮಾಡಿಸಿಕೊಳ್ಳುವುದು ಉಚಿತ.