ತೇಪೆ, ಬೆಸುಗೆ, ರಫು

ಮಿರಜದ ಸಿತಾರಮೇಕರ ಗಲ್ಲಿಯಲ್ಲಿ ಒಮ್ಮೆ, ದುರಸ್ತಿಗೆ ಬಂದ ತಂಬೂರಿಯೊಂದನ್ನು ವೃದ್ಧ ಕುಶಲಕರ್ಮಿಯೊಬ್ಬರು ಪರೀಕ್ಷಿಸುತ್ತಿದ್ದುದನ್ನು ಕಂಡೆ. ಕಣ್ಣಿಗೆ ಕಾಣುತ್ತಿದ್ದ ಬಿರುಕಿನ ಗೊಡವೆಗೆ ಹೋಗದೆ ಅವರು ಸೋರೆಬುರುಡೆಯನ್ನು ಸುತ್ತಲೂ ಬೆರಳಿನಿಂದ ತಟ್ಟುತ್ತ ಕಿವಿಗೊಟ್ಟಿದ್ದರು. ನಾದ ಮಂಕಾದಲ್ಲೆಲ್ಲ ಸೀಮೆಸುಣ್ಣದ ಗುರುತು. ಕಾಣುವ ಬಿರುಕು ಗೇಣುದ್ದವಿದ್ದರೆ, ಗುರುತು ಮೊಳದುದ್ದ ಹಬ್ಬಿತ್ತು.

ಕೋಟಿಗಟ್ಟಲೆ ಬೆಲೆಯ ಓಟದ ಕಾರು ಜಜ್ಜಿಹೋದಾಗಲೂ ದುರಸ್ತಿ ಹೀಗೆಯೇ ಆರಂಭವಾಗುತ್ತದೆ ಎಂಬುದು ನನಗೆ ತಿಳಿದುದು ಬಹಳ ತಡವಾಗಿ. ಅಂಥ ಕಾರಿನ ಒಡಲು ಲೋಹದ್ದಲ್ಲ, ಕಾರ್ಬನ್ ಫೈಬರಿನದು. ಅಂದರೆ, ಹೇಳಿದರೆ ನಗುವಿರಿ, ಬಟ್ಟೆಯದು. ಇದರ ಒಂದು ಎಳೆಯ ದಪ್ಪ ಸುಮಾರು 7 ಮೈಕ್ರಾನ್, ತಲೆಗೂದಲಿನ ಹತ್ತರಲ್ಲೊಂದು ಪಾಲು. ಇಂಥ ಸಾವಿರಾರು ಎಳೆಗಳು ಸೇರಿ ಒಂದು ನೂಲು. ನೂಲು ಹಾಸುಹೊಕ್ಕಾಗಿ ಬಟ್ಟೆ. ಇಚಲಕರಂಜಿಯ ಮಗ್ಗಗಳ ಸಪ್ಪಳ ಕೇಳಿ ಬೆಳೆದವರಿಗೆ ಇಲ್ಲಿಯವರೆಗೆ ಹೊಸತೇನೂ ಇಲ್ಲ. ಆ ಬಟ್ಟೆಯನ್ನು ಎಪಾಕ್ಸಿ ಎಂಬ ಅಂಟಿನಲ್ಲಿ ನೆನೆಸಿ, ಪದರದ ಮೇಲೆ ಪದರವಿಟ್ಟು, ಕಾಯಿಸಿ ಗಟ್ಟಿಮಾಡುತ್ತಾರೆ. ನೂಲು ತನ್ನ ಉದ್ದಕ್ಕೆ ಬಲಶಾಲಿ, ಅಡ್ಡಕ್ಕೆ ದುರ್ಬಲ. ಆದುದರಿಂದ ಪದರಗಳನ್ನು ಒಂದು ನೇರಕ್ಕೆ, ಒಂದು ಅಡ್ಡಕ್ಕೆ, ಒಂದು ಓರೆಗೆ ಹೀಗೆ ದಿಕ್ಕು ಬದಲಿಸಿ ಇಡುವರು.

ತಗಡು ಏಟು ಬಿದ್ದಲ್ಲಿ ನೆಗ್ಗುತ್ತದೆ, ಗಾಯವನ್ನು ಮುಚ್ಚಿಡುವುದಿಲ್ಲ. ಈ ವಸ್ತು ನೆಗ್ಗುವುದಿಲ್ಲ. ಏಟು ಬಲವಾಗಿದ್ದರೆ ಸೀಳಿ ಚೂರಾಗುತ್ತದೆ, ಹಗುರವಾಗಿದ್ದರೆ ಮೇಲ್ಮೈ ನುಣುಪಾಗಿಯೇ ಉಳಿದು ಒಳಗಿನ ಪದರಗಳು ಒಂದನ್ನೊಂದು ಬಿಟ್ಟು ಸರಿಯುತ್ತವೆ. ಭಯವಿರುವುದು ಈ ಎರಡನೆಯದರಲ್ಲಿ. ಅದನ್ನು ಗುರುತಿಸದೆ ಬಣ್ಣ ಬಳಿದು ರಸ್ತೆಗಿಳಿಸಿದರೆ, ಮುಂದಿನ ಅಪಘಾತದಲ್ಲಿ ಅದು ಒಳಗೆ ಕುಳಿತವನನ್ನು ಕಾಯಲಾರದು. ಅದಕ್ಕೆಂದೇ ತಂತ್ರಜ್ಞ ನಾಣ್ಯದಿಂದಲೋ ಸಣ್ಣ ಸುತ್ತಿಗೆಯಿಂದಲೋ ತಟ್ಟುತ್ತ ಹೋಗುತ್ತಾನೆ. ಗಟ್ಟಿಯಿದ್ದಲ್ಲಿ ಸ್ಪಷ್ಟ ದನಿ, ಪದರ ಬಿಟ್ಟಲ್ಲಿ ಮಂಕು ದನಿ. ಬಳಿಕ ಶ್ರವಣಾತೀತ ಧ್ವನಿಯ ಯಂತ್ರದಿಂದ ಖಚಿತಪಡಿಸಿಕೊಳ್ಳುವುದೂ ಉಂಟು.

ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದ ಮೇಲೆ ರಂಧ್ರವನ್ನು ತುಂಬುವುದಷ್ಟೇ ಕೆಲಸವಲ್ಲ. ಕಡಿದ ಎಳೆಗಳು ಮತ್ತೆ ಕೂಡುವುದಿಲ್ಲವಾದ್ದರಿಂದ ಇಲ್ಲಿ ಬೆಸುಗೆ ಅಸಾಧ್ಯ; ಮೇಲೊಂದು ತುಂಡು ಅಂಟಿಸಿದರೆ ಅದು ಬರಿಯ ತೇಪೆ, ಭಾರ ಬಿದ್ದೊಡನೆ ಅಂಚಿನಲ್ಲಿ ಕಿತ್ತುಬರುತ್ತದೆ. ನಿಜವಾದ ವಿಧಾನಕ್ಕೆ ನಮ್ಮ ಗಡಿನಾಡಿನ ಎರಡೂ ಭಾಷೆಗಳಲ್ಲಿರುವ ರಫು ಎಂಬ ಮಾತೇ ಹತ್ತಿರ. ರಫುಗಾರನ ದಾರ ತೂತಿನ ಅಂಚಿಗೆ ನಿಲ್ಲದೆ ಗಟ್ಟಿ ಬಟ್ಟೆಯೊಳಗೂ ದೂರ ಸಾಗುತ್ತದೆ. ಇಲ್ಲಿಯೂ ರಂಧ್ರದ ಸುತ್ತಣ ಗಟ್ಟಿ ಭಾಗವನ್ನು ಇಳಿಜಾರಾಗಿ ಉಜ್ಜುತ್ತಾರೆ. ಒಂದು ಮಿಲಿಮೀಟರ್ ದಪ್ಪಕ್ಕೆ 20ರಿಂದ 50 ಮಿಲಿಮೀಟರ್ ಉದ್ದದ ಇಳಿಜಾರು. ಹೀಗಾಗಿ ರೂಪಾಯಿಯಗಲದ ಗಾಯ ತಟ್ಟೆಯಗಲವಾಗುತ್ತದೆ. ಆ ಇಳಿಜಾರಿನ ಮೇಲೆ ಹಳೆಯ ಪದರಗಳು ಯಾವ ದಿಕ್ಕಿಗಿದ್ದವೋ ಅದೇ ದಿಕ್ಕಿಗೆ ಹೊಸವನ್ನು ಒಂದೊಂದಾಗಿ ಹೊದಿಸಿ, ಪ್ಲಾಸ್ಟಿಕ್ ಹಾಳೆಯಿಂದ ಬಿಗಿದು, ಗಾಳಿಯನ್ನು ಹೀರಿ ತೆಗೆಯುತ್ತಾರೆ. ಆಗ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋದಂತೆ ಹೊರಗಿನ ವಾತಾವರಣವೇ ಪದರಗಳನ್ನು ಒತ್ತಿ ಹಿಡಿಯುತ್ತದೆ. ಉಳಿದುದು ಶಾಖದ ಕೆಲಸ.

ಮಿಸ್ಟರ್ ಬೀನ್ ಎಂದು ನೀವು ಬಲ್ಲ ನಟ ರೋವನ್ ಅಟ್ಕಿನ್ಸನ್ನರ ಮೆಕ್‌ಲಾರೆನ್ ಎಫ್1 ಕಾರು 2011ರ ಆಗಸ್ಟಿನಲ್ಲಿ ಇಂಗ್ಲೆಂಡಿನಲ್ಲಿ ಮರಕ್ಕೆ ಬಡಿದು ಛಿದ್ರವಾಯಿತು. ಅವರು ಬದುಕಿದರು. ಕಾರಿನ ದುರಸ್ತಿಗೆ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ವಿಮಾ ಕಂಪನಿ ತೆತ್ತದ್ದು 9 ಲಕ್ಷ ಪೌಂಡಿಗೂ ಮಿಕ್ಕಿ. ಆ ಮಾದರಿಯಲ್ಲಿ ತಯಾರಾದದ್ದೇ ಒಟ್ಟು 106 ಕಾರುಗಳು, ಕೈಬಿಡುವುದು ಸುಲಭವಿರಲಿಲ್ಲ. ದುರಸ್ತಿಯಾದ ಮೇಲೂ ಅವರು ಅದನ್ನು ಓಡಿಸಿ, 2015ರಲ್ಲಿ ಮಾರಿದರು.

ದುರಸ್ತಿ ಎಂಬ ಪದದ ಮೂಲ ಫಾರಸಿಯ ದುರುಸ್ತ್. ಸರಿಯಾದದ್ದು, ನೆಟ್ಟಗಿರುವುದು ಎಂದರ್ಥ. ಮಿರಜದ ವಾದ್ಯೋದ್ಯಮ ಹುಟ್ಟಿದ್ದೂ ದುರಸ್ತಿಯಿಂದಲೇ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಪಟವರ್ಧನರ ಆಸ್ಥಾನಕ್ಕೆ ಬರುತ್ತಿದ್ದ ಗಾಯಕರ ಮುರಿದ ವಾದ್ಯಗಳು ಆಯುಧ ಮಸೆಯುವ ಶಿಕಲಗಾರರ ಕೈಗೆ ಬಂದವಂತೆ. ಸರಿಪಡಿಸುತ್ತಲೇ ಫರೀದಸಾಹೇಬರು ಮಾಡುವುದನ್ನೂ ಕಲಿತರಂತೆ.

ನಾನು ಕಂಡ ಆ ತಂಬೂರಿಯ ಬುರುಡೆಗೆ ಒಳಗಿನಿಂದ ಅಂಟು ಸವರಿ ಬಟ್ಟೆಯ ಪಟ್ಟಿ ಹೊದಿಸಿದ್ದರು. ಪಟ್ಟಿ ಬಿರುಕಿನಷ್ಟು ಉದ್ದವಿರಲಿಲ್ಲ. ಸೀಮೆಸುಣ್ಣದ ಗುರುತನ್ನೂ ದಾಟಿ ನಾಲ್ಕು ಬೆರಳು ಮುಂದೆ ಹೋಗಿತ್ತು.